ನಾಯಕನಿಲ್ಲದ ಚಿತ್ರ

ಕಾವ್ಯದಲ್ಲಿ ವಸ್ತುವಿಗೂ ವಿನ್ಯಾಸಕ್ಕೂ ಇರುವ ಸಂಬಂಧವನ್ನು ವಿವರಿಸುವಾಗ ಚಿತ್ರಗಳ ನೆರವನ್ನು ಪಡೆಯುವುದು ಅಧ್ಯಾಪಕರಾದವರಿಗೆ ಹೊಸತೇನಲ್ಲ. ಮಾತಿನಲ್ಲಿ ಹೇಳಿದರೆ ಗಾಳಿಗೆ ಹೋಗುವ ಸಂಗತಿ ಕಣ್ಣೆದುರಿಗಿದ್ದರೆ ನಿಲ್ಲುತ್ತದೆ. ಈಚೆಗೆ ಹೀಗೆಯೇ ಫ್ರೆಂಚ್ ಚಿತ್ರಕಾರ ಗುಸ್ತಾವ್ ಕೂರ್ಬೆಯ ‘ಓರ್ನಾನ್‌ನಲ್ಲಿ ಒಂದು ಶವಸಂಸ್ಕಾರ’ ಎಂಬ ಚಿತ್ರದ ಪ್ರತಿಕೃತಿಯೊಂದನ್ನು ತರಗತಿಯಲ್ಲಿ ತೋರಿಸಿದಾಗ, ವಿದ್ಯಾರ್ಥಿನಿಯೊಬ್ಬಳು ಬಹಳ ಹೊತ್ತು ನೋಡಿ, “ಇಷ್ಟು ಜನರಲ್ಲಿ ಮುಖ್ಯರಾದವರು ಯಾರು ಸಾರ್?” ಎಂದು ಕೇಳಿದಳು. ಉಳಿದವರು ನಕ್ಕರು. ನಗಬೇಕಾದ ಪ್ರಶ್ನೆ ಅದಾಗಿರಲಿಲ್ಲ. ನೂರ ಎಪ್ಪತ್ತು ವರ್ಷಗಳ ಹಿಂದೆ ಪ್ಯಾರಿಸ್ಸಿನ ಪಂಡಿತರು ಈ ಚಿತ್ರದ ಮುಂದೆ ನಿಂತು ಕೇಳಿದ ಪ್ರಶ್ನೆಯೂ ಇದೇ. ಅವರು ಕೋಪದಿಂದ ಕೇಳಿದರು. ಈಕೆ ಕುತೂಹಲದಿಂದ ಕೇಳಿದಳು. ವ್ಯತ್ಯಾಸ ಅಷ್ಟೇ.

ಕೃತಿಯೊಂದರ ಒಳಹೊಗುವುದಕ್ಕೆ ನಮಗೆ ನಾಯಕನ ಕೈ ಬೇಕು. ನಮ್ಮ ಲಾಕ್ಷಣಿಕರು ನಾಯಕನನ್ನು ಧೀರೋದಾತ್ತನೆಂದೂ ಧೀರಲಲಿತನೆಂದೂ ವಿಂಗಡಿಸಿದರು. ರಸಗಳಲ್ಲಿ ಒಂದನ್ನು ಅಂಗಿಯೆಂದು ಕರೆದು ಮಿಕ್ಕವನ್ನು ಅದಕ್ಕೆ ಅಂಗವಾಗಿಸಿದರು. ಅದು ತಪ್ಪಲ್ಲ, ದೊಡ್ಡ ಕಾವ್ಯಗಳನ್ನು ಕಣ್ಣಿಟ್ಟು ಓದಿದವರು ಕಂಡುಕೊಂಡ ತಥ್ಯ ಅದು. ಆದರೆ ಅಂಗಿಯೇ ಇಲ್ಲದಂತೆ, ಯಾರನ್ನೂ ಯಾರಿಗೂ ಅಂಗವಾಗಿಸದಂತೆ, ಬೇಕೆಂದೇ ಕಟ್ಟಿದ ಕೃತಿಯೊಂದು ಎದುರಾದಾಗ ನಾವೇನು ಮಾಡಬೇಕು? ಅಲ್ಲಿ ವಿನ್ಯಾಸ ಕೆಟ್ಟಿದೆಯೆಂದು ತೀರ್ಮಾನಿಸಬೇಕೆ, ಅಥವಾ ಆ ಕೆಟ್ಟಂತೆ ಕಾಣುವುದರಲ್ಲಿಯೇ ಅರ್ಥವನ್ನು ಹುಡುಕಬೇಕೆ?

ಚಿತ್ರದ ಹೊರವಿವರಗಳನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. ಕೂರ್ಬೆ ಹುಟ್ಟಿದ್ದು 1819ರಲ್ಲಿ, ಫ್ರಾನ್ಸಿನ ಪೂರ್ವದ ಅಂಚಿನಲ್ಲಿರುವ ಓರ್ನಾನ್ ಎಂಬ ಸಣ್ಣ ಊರಿನಲ್ಲಿ. ಈ ಚಿತ್ರವನ್ನು ಅವನು 1849-50ರಲ್ಲಿ ಅದೇ ಊರಿನಲ್ಲಿದ್ದುಕೊಂಡು ಬರೆದನು. ಎತ್ತರ ಸುಮಾರು 10 ಅಡಿ, ಅಗಲ ಸುಮಾರು 22 ಅಡಿ. ಅದರಲ್ಲಿ ನಲವತ್ತಕ್ಕೂ ಹೆಚ್ಚು ಜನರು ಆಳೆತ್ತರದಲ್ಲಿಯೇ ನಿಂತಿದ್ದಾರೆ. ಅವರು ಕಲ್ಪನೆಯ ಜನರಲ್ಲ. ಊರಿನ ಮೇಯರ್, ಪಾದ್ರಿ, ಗೋರಿ ತೋಡುವವನು, ಚಿತ್ರಕಾರನ ತಾಯಿ, ಅವನ ಮೂವರು ತಂಗಿಯರು, ನೆರೆಹೊರೆಯವರು. ಒಬ್ಬೊಬ್ಬರಾಗಿ ಅವನ ಮನೆಯ ಅಟ್ಟದ ಕೋಣೆಗೆ ಬಂದು ನಿಂತು ಬರೆಸಿಕೊಂಡವರು. ಆ ಅಟ್ಟವಾದರೋ ಬಹಳ ಇಕ್ಕಟ್ಟು. ಬರೆದದ್ದನ್ನು ಹಿಂದೆ ಸರಿದು ನೋಡಲು ಅಲ್ಲಿ ಸ್ಥಳವಿರಲಿಲ್ಲ. ಈ ಚಿತ್ರದಲ್ಲಿ ತನಗೂ ಸ್ಥಾನವಿರಲಿ ಎಂದು ಊರಿಗೆ ಊರೇ ಆಸೆಪಟ್ಟಿತೆಂದು ಕೂರ್ಬೆಯ ಪತ್ರಗಳಿಂದ ತಿಳಿಯುತ್ತದೆ. ಇಂದು ಚಿತ್ರ ಪ್ಯಾರಿಸ್ಸಿನ ಓರ್ಸೆ ವಸ್ತುಸಂಗ್ರಹಾಲಯದಲ್ಲಿದೆ.

ಇನ್ನು ಚಿತ್ರವನ್ನು ನೋಡೋಣ. ಆತುರ ಬೇಡ, 22 ಅಡಿ ಉದ್ದದ ಚಿತ್ರವನ್ನು ನಡೆಯುತ್ತಲೇ ನೋಡಬೇಕು.

ಎಡತುದಿಯಿಂದ ಶವಪೆಟ್ಟಿಗೆ ಬರುತ್ತಿದೆ. ಅದರ ಮೇಲೆ ಬಿಳಿಯ ಹೊದಿಕೆ. ಹೊದಿಕೆಯ ಮೇಲೆ ಕಪ್ಪು ಬಣ್ಣದ ಅಡ್ಡಮೂಳೆಗಳ ಗುರುತು. ಅಗಲ ಅಂಚಿನ ಕರಿಯ ಟೋಪಿ ಧರಿಸಿದ ಶವವಾಹಕರು ಮುಖವನ್ನು ಅತ್ತ ತಿರುಗಿಸಿಕೊಂಡಿದ್ದಾರೆ. ಅವರ ಮುಂದೆ ಬಿಳಿಯುಡುಪಿನ ಹುಡುಗರು, ಎತ್ತಿ ಹಿಡಿದ ಶಿಲುಬೆ, ಪುಸ್ತಕ ಹಿಡಿದ ಪಾದ್ರಿ. ಅವರ ಬಳಿ ಕೆಂಪು ನಿಲುವಂಗಿ, ಕೆಂಪು ಟೋಪಿ ತೊಟ್ಟ ಚರ್ಚಿನ ಪರಿಚಾರಕರಿಬ್ಬರು. ಇವರ ಮೂಗೂ ಅಂಗಿಯಷ್ಟೇ ಕೆಂಪು. ನಡುವೆ, ಗುಂಡಿಯ ಅಂಚಿನಲ್ಲಿ, ಒಂದು ಮೊಣಕಾಲೂರಿ ಕುಳಿತ ಗೋರಿ ತೋಡುವವನು. ಅವನಾಚೆ ಕರಿಯ ಉಡುಪಿನ ಗಣ್ಯರು. ಅವರ ಮುಂದೆ ಹಳೆಯ ಕಾಲದ ಗಿಡ್ಡ ಷರಾಯಿ, ಉದ್ದದ ಕಾಲುಚೀಲ ತೊಟ್ಟ ಇಬ್ಬರು ಮುದುಕರು. 1793ರ ಮಹಾಕ್ರಾಂತಿಯ ತಲೆಮಾರಿನವರು. ಅವರಲ್ಲಿ ಒಬ್ಬನ ಕೈ ಗುಂಡಿಯ ಕಡೆಗೆ ಚಾಚಿದೆ. ಬಲಭಾಗವೆಲ್ಲ ಹೆಂಗಸರು, ಕರಿಯ ಮೇಲುಡುಪುಗಳ ನಡುವೆ ಬಿಳಿಯ ಕುಲಾವಿಗಳು, ಕಣ್ಣಿಗೊತ್ತಿಕೊಂಡ ಬಿಳಿಯ ಕರವಸ್ತ್ರಗಳು. ಮುಂಭಾಗದಲ್ಲಿ ಒಂದು ನಾಯಿ. ಹಿನ್ನೆಲೆಯಲ್ಲಿ ಆ ಸೀಮೆಯ ಸುಣ್ಣಕಲ್ಲಿನ ಬಂಡೆಗಳು, ಮಸುಕಾದ ಆಕಾಶ. ಮುಂದೆ ಕೆಳ ಅಂಚಿಗೆ ತಾಗಿ, ಅರ್ಧ ಕತ್ತರಿಸಿ ಹೋದಂತೆ, ಬಾಯ್ದೆರೆದ ಗುಂಡಿ. ಅದರ ಬದಿಯ ಮಣ್ಣಿನಲ್ಲಿ ಒಂದು ತಲೆಬುರುಡೆ. ಹಿಂದೆಂದೋ ಹೂಳಿದ ಯಾರದೋ.

ಇಷ್ಟನ್ನು ನೋಡಿದ ಮೇಲೆ ಕಣ್ಣು ಎಲ್ಲಿ ನಿಲ್ಲಬೇಕು? ಎಲ್ಲಿಯೂ ನಿಲ್ಲುವುದಿಲ್ಲ. ತಲೆಗಳೆಲ್ಲ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ, ಹಿಂದಿನ ಬಂಡೆಗಳ ರೇಖೆಗೆ ಸಮಾನಾಂತರವಾಗಿ, ಅಂಚಿನಿಂದ ಅಂಚಿಗೆ ಸಾಗುತ್ತವೆ. ಮೇಯರನ ತಲೆ ನೆರೆಯವನ ತಲೆಗಿಂತ ಒಂದಂಗುಲವೂ ಎತ್ತರದಲ್ಲಿಲ್ಲ. ಬೆಳಕು ಕೂಡ ಒಬ್ಬನನ್ನು ಆರಿಸಿಕೊಂಡು ಅವನ ಮೇಲೆ ಬೀಳುವುದಿಲ್ಲ. ಅಕಾಡೆಮಿಯ ಪದ್ಧತಿಯಂತೆ ಬರೆದಿದ್ದರೆ ಈ ಗುಂಪು ತ್ರಿಕೋನಾಕಾರವಾಗಿ ಮೇಲೇರಬೇಕಾಗಿತ್ತು. ಶಿಖರದಲ್ಲಿ ಒಬ್ಬ ದುಃಖತಪ್ತ ವಿಧವೆಯೋ, ಆಕಾಶದತ್ತ ಕಣ್ಣೆತ್ತಿದ ಧರ್ಮಗುರುವೋ ಇರಬೇಕಾಗಿತ್ತು. ಇಲ್ಲಿ ಗುಂಪಿನಿಂದ ಮೇಲೇರಿ ಆಕಾಶವನ್ನು ಮುಟ್ಟುವ ವಸ್ತು ಒಂದೇ, ಆ ಶಿಲುಬೆ. ಅದೂ ಚಿತ್ರದ ನಡುವಿನಲ್ಲಿಲ್ಲ, ಎಡಕ್ಕೆ ಸರಿದಿದೆ. ಜೊತೆಗೆ, ಅದನ್ನು ಯಾರೂ ನೋಡುತ್ತಿಲ್ಲ.

ದೃಷ್ಟಿಗಳ ವಿಚಾರ ಇನ್ನೂ ವಿಚಿತ್ರ. ಸಮೂಹಚಿತ್ರವನ್ನು ಕಟ್ಟುವ ಸಾಧನಗಳಲ್ಲಿ ನೋಟವೇ ಮುಖ್ಯವಾದುದು; ನಾಲ್ಕು ಜನ ಒಂದೇ ಕಡೆ ನೋಡಿದರೆ ಐದನೆಯವರಾದ ನಾವೂ ಅತ್ತ ನೋಡುತ್ತೇವೆ. ಕೂರ್ಬೆ ಈ ಸಾಧನವನ್ನು ಕೈಯಾರೆ ಬಿಟ್ಟುಕೊಟ್ಟಿದ್ದಾನೆ. ಶವವಾಹಕರು ಶವದಿಂದ ಮುಖ ತಿರುಗಿಸಿದ್ದಾರೆ. ಗೋರಿ ತೋಡುವವನು ಗುಂಡಿಯನ್ನು ಬಿಟ್ಟು ಎಡಕ್ಕೆ ನೋಡುತ್ತಿದ್ದಾನೆ. ಹೆಂಗಸರಲ್ಲಿ ಹಲವರ ಮುಖ ಕರವಸ್ತ್ರದಲ್ಲಿ ಮುಚ್ಚಿದೆ. ನಾಯಿಯ ಗಮನ ಇನ್ನೆಲ್ಲೋ. ಎಲ್ಲರನ್ನೂ ಅಲ್ಲಿಗೆ ತಂದದ್ದು ಒಂದು ಸಾವು. ಆದರೆ ಆ ಸಾವನ್ನು ಎಲ್ಲರೂ ಒಟ್ಟಿಗೆ ನೋಡುವ ಕ್ಷಣ ಚಿತ್ರದಲ್ಲಿಲ್ಲ. ಶವಯಾತ್ರೆಯಲ್ಲಿ ಹೆಜ್ಜೆ ಹಾಕಿದವರಿಗೆಲ್ಲ ಇದು ತಿಳಿದ ಸಂಗತಿ. ಸತ್ತವನಿಗೆ ತೀರ ಹತ್ತಿರದವರ ನಾಲ್ಕು ಹೆಜ್ಜೆ ಹಿಂದೆ ಮಳೆಬೆಳೆಯ ಮಾತು ನಡೆಯುತ್ತಿರುತ್ತದೆ. ಅದರ ಹಿಂದೆ ಯಾರೋ ಗಡಿಯಾರ ನೋಡಿಕೊಳ್ಳುತ್ತಿರುತ್ತಾರೆ. ಇದನ್ನು ನಿರ್ದಯೆ ಎನ್ನಬೇಕಾಗಿಲ್ಲ. ದುಃಖ ಗುಂಪಿನಲ್ಲಿ ಸಮನಾಗಿ ಹಂಚಿಕೆಯಾಗುವ ವಸ್ತುವಲ್ಲ.

ಈ ಮಾತು ಸ್ಪಷ್ಟವಾಗಬೇಕಾದರೆ ಇನ್ನೊಂದು ಶವಸಂಸ್ಕಾರದ ಚಿತ್ರವನ್ನು ಪಕ್ಕದಲ್ಲಿಟ್ಟು ನೋಡಬೇಕು. ಸ್ಪೇನಿನ ತೊಲೆದೋ ನಗರದ ಸಂತ ತೋಮೆ ಚರ್ಚಿನಲ್ಲಿ ಎಲ್ ಗ್ರೆಕೋ 1586-88ರಲ್ಲಿ ಬರೆದ ‘ಓರ್ಗಾಸ್ ಪ್ರಭುವಿನ ಶವಸಂಸ್ಕಾರ’ವಿದೆ. ಅಲ್ಲಿಯೂ ಕರಿಯ ಉಡುಪಿನ ನಾಗರಿಕರು ಸಾಲಾಗಿ ನಿಂತಿದ್ದಾರೆ. ಅವರಲ್ಲಿಯೂ ಚಿತ್ರಕಾರನ ಕಾಲದ ಜನರ ನಿಜವಾದ ಮುಖಗಳಿವೆ. ಆದರೆ ಆ ಸಾಲಿನ ಮೇಲೆ, ಚಿತ್ರದ ಅರ್ಧಭಾಗದಲ್ಲಿ, ಸ್ವರ್ಗವೇ ತೆರೆದುಕೊಂಡಿದೆ. ಕೆಳಗೆ ಇಬ್ಬರು ಸಂತರು ಹೊಳೆಯುವ ಉಡುಪಿನಲ್ಲಿ ಬಂದು ಪ್ರಭುವಿನ ದೇಹವನ್ನು ಕೈಯಾರೆ ಇಳಿಸುತ್ತಿದ್ದರೆ, ಮೇಲೆ ಅವನ ಆತ್ಮವನ್ನು ದೇವದೂತನೊಬ್ಬನು ಒಯ್ಯುತ್ತಿದ್ದಾನೆ. ಚಿತ್ರ ಮಣ್ಣಿನಿಂದ ಮುಗಿಲಿಗೆ ಏರುತ್ತದೆ. ಸತ್ತವನು ಯಾರು, ಅವನ ಗತಿಯೇನು ಎಂಬುದರಲ್ಲಿ ನೋಡುವವನಿಗೆ ಸಂಶಯವೇ ಉಳಿಯುವುದಿಲ್ಲ. ಕೂರ್ಬೆಯ ಚಿತ್ರದಿಂದ ಆ ಮೇಲರ್ಧವನ್ನು ಯಾರೋ ಕತ್ತರಿಸಿ ತೆಗೆದಂತಿದೆ. ಉಳಿದದ್ದು ಸಾಲು ಮಾತ್ರ. ಬಂಡೆಯ ರೇಖೆ ಮುಚ್ಚಳದಂತೆ ಗುಂಪಿನ ಮೇಲೆ ಕುಳಿತಿದೆ. ಚಿತ್ರಕ್ಕೆ ಎತ್ತರವಿಲ್ಲ, ಉದ್ದವಿದೆ, ಮತ್ತು ಕೆಳಗೆ ಆಳವಿದೆ.

ಇನ್ನು ಸತ್ತವನು ಯಾರು? 1848ರಲ್ಲಿ ತೀರಿಕೊಂಡ ಕೂರ್ಬೆಯ ಬಂಧುವೃದ್ಧನೊಬ್ಬನ ಅಂತ್ಯಕ್ರಿಯೆ ಇದೆಂದು ಊಹಿಸಿದ ವಿದ್ವಾಂಸರಿದ್ದಾರೆ. ಚಿತ್ರ ಮಾತ್ರ ಏನನ್ನೂ ಹೇಳುವುದಿಲ್ಲ. ಶೀರ್ಷಿಕೆಯಲ್ಲಿ ಊರಿನ ಹೆಸರಿದೆ, ಸತ್ತವನ ಹೆಸರಿಲ್ಲ. ಬದುಕಿರುವ ನಲವತ್ತು ಮಂದಿಯ ಮುಖದ ಸುಕ್ಕು ಸುಕ್ಕನ್ನೂ ಬರೆದ ಚಿತ್ರಕಾರನು ಯಾರಿಗಾಗಿ ಅವರೆಲ್ಲ ಸೇರಿದರೋ ಅವನನ್ನು ಹೆಸರಿಲ್ಲದೆ ಪೆಟ್ಟಿಗೆಯಲ್ಲಿಟ್ಟುಬಿಟ್ಟಿದ್ದಾನೆ. ಇದರ ಜೊತೆಗೆ ಒಂದು ಗುಟ್ಟೂ ಇದೆ. ಎಡತುದಿಯಲ್ಲಿ, ಶವವಾಹಕರ ಹಿಂದೆ, ಕಾಣುವ ಮುದುಕ ಕೂರ್ಬೆಯ ತಾಯಿಯ ತಂದೆ ಊದೋ. ಚಿತ್ರವನ್ನು ಬರೆಯುವ ಹೊತ್ತಿಗೆ ಅವನು ಸತ್ತು ವರ್ಷ ಕಳೆದಿತ್ತು. ಸತ್ತವನೊಬ್ಬನು ಇನ್ನೊಬ್ಬನನ್ನು ಹೂಳಲು ಬಂದು ಜನರ ನಡುವೆ ಸದ್ದಿಲ್ಲದೆ ನಿಂತಿದ್ದಾನೆ! ಅವನ ಸುತ್ತ ಪ್ರಭೆಯಿಲ್ಲ, ಅವನು ಛಾಯೆಯೂ ಅಲ್ಲ. ಮಿಕ್ಕವರಂತೆ ಅವನೂ ಒಬ್ಬ ಊರಿನವನು. ಕುಟುಂಬದವರಲ್ಲದೆ ಅನ್ಯರು ಇದನ್ನು ಗುರುತಿಸಲಾರರು. ಗುರುತಿಸಲೆಂದು ಕೂರ್ಬೆ ಬರೆದಂತೆಯೂ ತೋರುವುದಿಲ್ಲ.

1850ರ ಡಿಸೆಂಬರ್ ಕೊನೆಯಲ್ಲಿ ಆರಂಭವಾದ ಪ್ಯಾರಿಸ್ಸಿನ ಸಲೋನ್ ಪ್ರದರ್ಶನದಲ್ಲಿ ಈ ಚಿತ್ರ ಕಾಣಿಸಿಕೊಂಡಾಗ ಗದ್ದಲವೆದ್ದಿತು. ಕುರೂಪವೆಂದರು, ವ್ಯಂಗ್ಯಚಿತ್ರವೆಂದರು, ಧರ್ಮದ ಅವಹೇಳನವೆಂದರು. ಇವೆಲ್ಲಕ್ಕಿಂತ ನಮಗೆ ಮುಖ್ಯವಾದ ಆಕ್ಷೇಪವೆಂದರೆ, ಇದರಲ್ಲಿ ಸಂಯೋಜನೆಯೇ ಇಲ್ಲ, ಬಂದವರನ್ನು ಬಂದಂತೆ ಸಾಲಾಗಿ ನಿಲ್ಲಿಸಿದ್ದಾನೆ ಎಂಬುದು. ಅಟ್ಟದ ಇಕ್ಕಟ್ಟನ್ನು ನೆನೆದರೆ ಈ ಆಕ್ಷೇಪದಲ್ಲಿ ಹುರುಳಿದೆಯೇನೋ ಎನಿಸಬಹುದು. ಆದರೆ ಕೂರ್ಬೆ ಮೊದಲು ಇದ್ದಿಲಿನಲ್ಲಿ ಬರೆದ ಕರಡೊಂದು ಬೆಸಾನ್ಸೋನ್ ನಗರದಲ್ಲಿ ಉಳಿದಿದೆ. ಅದರಲ್ಲಿ ಜನ ಮೆರವಣಿಗೆಯಾಗಿ ಒಂದು ದಿಕ್ಕಿಗೆ ಸಾಗುತ್ತಾರೆ. ಗೋರಿ ತೋಡುವವನು ಒಂದು ತುದಿಯಲ್ಲಿದ್ದಾನೆ. ಅಂದರೆ ಕಣ್ಣಿಗೆ ಸುಲಭವಾದ, ಆರಂಭ ಅಂತ್ಯಗಳುಳ್ಳ, ಕಥೆಯಂತೆ ಸಾಗುವ ವಿನ್ಯಾಸ ಅವನ ಕೈಯಲ್ಲಿ ಮೊದಲೇ ಇತ್ತು. ಅದನ್ನು ಅವನು ಒಡೆದನು. ಮೆರವಣಿಗೆಯನ್ನು ನಿಲ್ಲಿಸಿ, ಗುಂಪನ್ನು ಸುತ್ತ ಬಳಸಿ, ತುದಿಯಲ್ಲಿದ್ದ ಗುಂಡಿಯನ್ನು ತಂದು ನಡುವಿನಲ್ಲಿಟ್ಟನು. ಇದು ಸಂಯೋಜನೆ ಅರಿಯದವನ ಕೆಲಸವಲ್ಲ. ನಾಯಕನು ನಿಲ್ಲಬೇಕಾದ ಸ್ಥಾನವನ್ನು ಚೆನ್ನಾಗಿ ಬಲ್ಲವನೇ ಅಲ್ಲಿ ಮಣ್ಣಿನ ಗುಂಡಿಯನ್ನು ತೋಡಬಲ್ಲನು.

ಪಂಡಿತರು ಇಷ್ಟು ಕೆರಳಿದ್ದೇಕೆಂಬುದಕ್ಕೆ ಚಿತ್ರದ ಅಳತೆಯೂ ಕಾರಣ. ಅಂದಿನ ಪದ್ಧತಿಯಂತೆ ಈ ಗಾತ್ರದ ಪಟ ಸಲ್ಲುತ್ತಿದ್ದುದು ಪುರಾಣಕ್ಕೆ, ಧರ್ಮಕಥೆಗೆ, ದೊರೆಗಳ ದಿಗ್ವಿಜಯಕ್ಕೆ. ಹಳ್ಳಿಯ ಜನಜೀವನವನ್ನು ಬರೆಯಬಾರದೆಂದೇನೂ ಇರಲಿಲ್ಲ. ಸಣ್ಣದಾಗಿ, ಗೋಡೆಯ ಮೂಲೆಗೆ ಹೊಂದುವಂತೆ, ನೋಡಿ ನಸುನಗುವಂತೆ ಬರೆಯಬೇಕಾಗಿತ್ತು. ಕೂರ್ಬೆ ತನ್ನ ಊರಿನ ಜನರಿಗೆ ಚಕ್ರವರ್ತಿಗಳ ಅಳತೆ ಕೊಟ್ಟನು. ಅಷ್ಟೇ ಅಲ್ಲ, ಚಿತ್ರದ ಪೂರ್ಣ ಶೀರ್ಷಿಕೆಯಲ್ಲಿ ಇದು ಮನುಷ್ಯಾಕೃತಿಗಳ ಚಿತ್ರವೆಂದೂ, ಓರ್ನಾನ್‌ನ ಒಂದು ಶವಸಂಸ್ಕಾರದ ಇತಿಹಾಸವೆಂದೂ ಬರೆಸಿದನು. ಇತಿಹಾಸವೆಂಬ ಪದವನ್ನು ಅವನು ಅಲಂಕಾರಕ್ಕೆಂದು ಬಳಸಲಿಲ್ಲ. 1848ರ ಫೆಬ್ರವರಿಯಲ್ಲಿ ಫ್ರಾನ್ಸಿನ ರಾಜಪ್ರಭುತ್ವ ಉರುಳಿ, ವಯಸ್ಕರಾದ ಗಂಡಸರಿಗೆಲ್ಲ ಮತದ ಹಕ್ಕು ಬಂದಿತ್ತು. ತಲೆಗೊಂದು ಮತ. 1850ರ ಮೇ ತಿಂಗಳಿನಲ್ಲಿ ಹೊಸ ಕಾನೂನು ತಂದು ಸುಮಾರು 30 ಲಕ್ಷ ಮಂದಿಯಿಂದ ಆ ಹಕ್ಕನ್ನು ಕಿತ್ತುಕೊಂಡರು. ಅದೇ ವರ್ಷದ ಕೊನೆಗೆ, ಒಂದೇ ಮಟ್ಟದಲ್ಲಿ ನಿಂತ ಈ ನಲವತ್ತು ತಲೆಗಳು ರಾಜಧಾನಿಯ ಗೋಡೆಗೆ ಬಂದವು. ನೋಡಿದವರಿಗೆ ಗಾಬರಿಯಾದದ್ದು ಕೇವಲ ಸೌಂದರ್ಯಮೀಮಾಂಸೆಯ ಕಾರಣದಿಂದಲ್ಲ.

ಹೀಗೆಂದ ಮಾತ್ರಕ್ಕೆ ಚಿತ್ರವನ್ನು ರಾಜಕೀಯದ ಘೋಷಣೆಯನ್ನಾಗಿ ಮಾಡಿಬಿಡುವುದೂ ನಮಗೆ ಒಪ್ಪಿತವಲ್ಲ. ಟಿ. ಜೆ. ಕ್ಲಾರ್ಕ್ 1973ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಈ ಚಿತ್ರದ ಸುತ್ತಣ ವರ್ಗಸಂಬಂಧಗಳನ್ನು ಬಹು ಸೂಕ್ಷ್ಮವಾಗಿ ಬಿಡಿಸಿದ್ದಾರೆ. ಅದಕ್ಕೂ ಮೊದಲು, 1941ರಲ್ಲಿ, ಮೇಯರ್ ಶಪೀರೋ ಎಂಬ ವಿದ್ವಾಂಸರು ಸಂತೆಗಳಲ್ಲಿ ಮಾರುತ್ತಿದ್ದ ಜನಪದ ಮರದಚ್ಚಿನ ಚಿತ್ರಗಳಿಗೂ ಕೂರ್ಬೆಯ ಸಾಲುವಿನ್ಯಾಸಕ್ಕೂ ಇರುವ ನಂಟನ್ನು ತೋರಿಸಿದ್ದರು. ಎರಡೂ ನಮ್ಮ ತಿಳಿವಳಿಕೆಯನ್ನು ಹೆಚ್ಚಿಸಿದವು. ಆದರೆ ಕ್ರಾಂತಿಯ ಕಹಳೆಯಾಗಿ ಮಾತ್ರ ಚಿತ್ರವನ್ನು ಓದುವವರು ಆ ಕೆಂಪುಮೂಗಿನ ಪರಿಚಾರಕರನ್ನು ಕಂಡೊಡನೆ ಇದು ಪುರೋಹಿತವರ್ಗದ ಮೇಲಿನ ವಿಡಂಬನೆಯೆಂದು ಹಿಗ್ಗುತ್ತಾರೆ. ಅವರಿಬ್ಬರು ವೃತ್ತಿಯಿಂದ ಯಾರು? ಒಬ್ಬನು ದ್ರಾಕ್ಷಿ ಬೆಳೆಯುವವನು, ಇನ್ನೊಬ್ಬನು ಪಾದರಕ್ಷೆ ಹೊಲಿಯುವವನು. ಹಬ್ಬಹರಿದಿನಗಳಲ್ಲಿ ಕೆಂಪು ನಿಲುವಂಗಿ ತೊಟ್ಟು ಊರಿನ ಕೆಲಸಕ್ಕೆ ನಿಲ್ಲುವ ಬಡವರು. ಅವರ ಮೂಗು ಕೆಂಪಾಗಿದ್ದರೆ ಚಿತ್ರಕಾರನು ಅದನ್ನು ಬಿಳಿಯಾಗಿಸಲಿಲ್ಲ, ಅಷ್ಟೇ. ಅದೇ ಕುಂಚ, ಅದೇ ನಿಷ್ಠುರತೆಯಿಂದ, ಅವನ ಹೆತ್ತ ತಾಯಿಯ ಮುಖವನ್ನೂ ಬರೆದಿದೆ. ತನ್ನವರಿಗೆ ರಿಯಾಯಿತಿ ತೋರದವನು ಪರರನ್ನು ಅಣಕಿಸಿದನೆನ್ನುವುದು ಹೇಗೆ?

ಸಮೂಹಚಿತ್ರಗಳ ಮಟ್ಟಿಗೆ ಕೂರ್ಬೆಗೆ ಮಾದರಿಗಳಿಲ್ಲದಿರಲಿಲ್ಲ. 1840ರ ದಶಕದಲ್ಲಿ ಅವನು ಹಾಲೆಂಡಿಗೆ ಹೋಗಿ ಅಲ್ಲಿನ ಹಳೆಯ ಚಿತ್ರಗಳನ್ನು ನೋಡಿಬಂದಿದ್ದನು. ಡಚ್ ನಗರಗಳ ಕಾವಲುಪಡೆಯವರು ತಲೆಗಿಷ್ಟು ಹಣ ಹಾಕಿ ತಮ್ಮ ಸಮೂಹಚಿತ್ರ ಬರೆಸುತ್ತಿದ್ದರು. ಹಣ ಕೊಟ್ಟವರ ಮುಖವೆಲ್ಲ ಕಾಣಬೇಕಾದುದು ನ್ಯಾಯ. ಅದರ ಫಲವಾಗಿ ಹಲವು ಚಿತ್ರಗಳು ಮುಖಗಳ ಯಾದಿಯಾದವು. ರೆಂಬ್ರಾಂಟನು 1642ರಲ್ಲಿ ‘ರಾತ್ರಿಯ ಪಹರೆ’ಯನ್ನು ಬರೆದಾಗ ನೆರಳು ಬೆಳಕುಗಳ ನಾಟಕದಿಂದ ಈ ಕಷ್ಟವನ್ನು ದಾಟಿದನು, ಆದರೆ ದಾಟುವಾಗ ಮತ್ತೆ ನಾಯಕನನ್ನು ಕರೆತಂದನು. ದಳಪತಿ ಮುಂದೆ ಬಂದನು, ಹಿಂದಿನ ಸಾಲಿನವರು ಕತ್ತಲಿಗೆ ಸರಿದರು. ರೆಂಬ್ರಾಂಟನ ಚಿತ್ರವೇ ಹೆಚ್ಚು ಮನೋಹರವೆಂಬುದರಲ್ಲಿ ವಿವಾದವಿಲ್ಲ. ಕೂರ್ಬೆ ಹಿಡಿದ ದಾರಿ ಬೇರೆ: ಯಾದಿಯನ್ನು ಯಾದಿಯಾಗಿಯೇ ಉಳಿಸಿ, ಅದಕ್ಕೆ ಗಾಂಭೀರ್ಯ ತರುವುದು. ಅವನ ಜನ ಕಾಸು ಕೊಟ್ಟು ಬಂದವರೂ ಅಲ್ಲ.

ಚಿತ್ರದಲ್ಲಿ ಲೋಪವಿಲ್ಲವೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ನಡುಭಾಗದಲ್ಲಿ ಹಿಂದಿನ ಸಾಲಿನ ಕೆಲವು ಮುಖಗಳು ದೇಹವಿಲ್ಲದೆ ತೇಲುವಂತೆ ತೋರುತ್ತವೆ. ಬಲಭಾಗದ ಕಪ್ಪು ನಮ್ಮ ಕೈಗೆ ಸಿಗುವ ಪ್ರತಿಕೃತಿಗಳಲ್ಲಂತೂ ಒಂದೇ ಮಸಿಯ ಕಲೆಯಾಗಿಬಿಡುತ್ತದೆ. ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ನಾವು ನೋಡಿರುವುದು ಅಚ್ಚಿನ ಪ್ರತಿಯನ್ನು, ಮೂಲವನ್ನಲ್ಲ. 22 ಅಡಿಯ ಚಿತ್ರ ಪುಸ್ತಕದ ಎರಡು ಪುಟಕ್ಕೆ ಇಳಿದಾಗ ಮೊದಲು ಸಾಯುವುದು ಅದರ ಅಳತೆ. ಈ ಚಿತ್ರದಲ್ಲಿ ಅಳತೆಯೇ ಅರ್ಧ ಅರ್ಥ. ಆಳೆತ್ತರದ ಮನುಷ್ಯರ ಎದುರು ಆಳೆತ್ತರದ ನಾವು ನಿಂತಾಗ ಏನಾಗುತ್ತದೆಂಬುದನ್ನು ಪುಸ್ತಕ ತೋರಿಸಲಾರದು. ವಿದ್ಯಾರ್ಥಿನಿ ಮುಖ್ಯನಾದವನನ್ನು ಹುಡುಕಿದ್ದು ಬಹುಶಃ ಇದರಿಂದಲೂ ಇರಬಹುದು. ಅಂಗೈಯಗಲದ ಚಿತ್ರವನ್ನು ಒಂದೇ ನೋಟದಲ್ಲಿ ನುಂಗಬಹುದು. ಕೋಣೆಯಗಲದ ಚಿತ್ರದಲ್ಲಿ ಒಬ್ಬರ ಎದುರು ನಿಂತರೆ ಇನ್ನೊಬ್ಬರು ಕಣ್ಣಿನ ಅಂಚಿಗೆ ಸರಿಯುತ್ತಾರೆ. ಯಾರೆದುರು ನಿಂತೆವೋ ಆ ಹೊತ್ತಿಗೆ ಅವರೇ ಮುಖ್ಯರು.

ಕನ್ನಡದ ಓದುಗರಿಗೆ ಇಂಥ ವಿನ್ಯಾಸ ಅಪರಿಚಿತವೆಂದು ಹೇಳುವಂತಿಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಪ್ರಕಟವಾಯಿತು. ಆ ಕಾದಂಬರಿಯನ್ನು ಪಾಠ ಮಾಡಿದವರೆಲ್ಲ ಈ ಕಷ್ಟವನ್ನು ಬಲ್ಲರು: ಕಥಾಸಾರಾಂಶ ಬರೆಯಿರಿ ಎಂದರೆ ವಿದ್ಯಾರ್ಥಿಗಳು ಯಾವ ಜೋಡಿಯಿಂದ ಆರಂಭಿಸಬೇಕೆಂದು ತಿಳಿಯದೆ ಪೆನ್ನು ಕಚ್ಚುತ್ತಾರೆ. ಒಬ್ಬ ನಾಯಕನ ಎಳೆಯನ್ನು ಹಿಡಿದೆಳೆದರೆ ಕಾಡೆಲ್ಲ ಬಿಟ್ಟುಹೋಗುತ್ತದೆ. ಆದರೂ ಪರೀಕ್ಷೆಯಲ್ಲಿ ‘ಕೃತಿಯ ನಾಯಕ ಯಾರು? ಸಮರ್ಥಿಸಿ’ ಎಂಬ ಪ್ರಶ್ನೆಯನ್ನು ನಾವು ಬಿಡುವುದಿಲ್ಲ. ವಿದ್ಯಾರ್ಥಿಗಳು ಯಾರನ್ನಾದರೂ ನಾಯಕಪಟ್ಟಕ್ಕೇರಿಸಿ ಅಂಕ ಪಡೆಯುತ್ತಾರೆ. ಸಲೋನಿನ ಪಂಡಿತರನ್ನು ನೋಡಿ ನಗುವ ಮುನ್ನ ನಮ್ಮ ಪ್ರಶ್ನಪತ್ರಿಕೆಗಳನ್ನೊಮ್ಮೆ ತೆರೆದು ನೋಡುವುದು ಲೇಸು. ಪ್ಯಾರಿಸ್ಸಿನವರೂ ಬೇಗ ಪಾಠ ಕಲಿಯಲಿಲ್ಲವೆನ್ನಿ. 1855ರ ಮಹಾಪ್ರದರ್ಶನದ ತೀರ್ಪುಗಾರರು ಈ ಚಿತ್ರವನ್ನು ಮತ್ತೆ ತಿರಸ್ಕರಿಸಿದಾಗ, ಕೂರ್ಬೆ ಹತ್ತಿರದಲ್ಲೇ ತನ್ನದೇ ಚಪ್ಪರ ಕಟ್ಟಿಸಿ ‘ವಾಸ್ತವತೆ’ ಎಂಬ ಹಲಗೆ ತೂಗುಹಾಕಿ ಪ್ರದರ್ಶಿಸಬೇಕಾಯಿತು. ಚಿತ್ರ ರಾಷ್ಟ್ರದ ಸ್ವತ್ತಾದದ್ದು 1881ರಲ್ಲಿ, ಅವನು ಸತ್ತ ನಾಲ್ಕು ವರ್ಷಗಳ ಮೇಲೆ, ತಂಗಿ ಜೂಲಿಯೆತ್ ಅದನ್ನು ದಾನವಾಗಿ ಕೊಟ್ಟಾಗ. ಬಲಭಾಗದ ಹೆಂಗಸರ ಗುಂಪಿನಲ್ಲಿ ಇರುವವಳು ಆಕೆಯೇ.

ವಿದ್ಯಾರ್ಥಿನಿಯ ಪ್ರಶ್ನೆಗೆ ಅಂದು ತರಗತಿಯಲ್ಲಿ ಉತ್ತರ ಕೊಡಲಿಲ್ಲ. ಮತ್ತೆ ನೋಡು ಎಂದಷ್ಟೇ ಹೇಳಿದ್ದಾಯಿತು. ಗಂಟೆ ಹೊಡೆದು ಎಲ್ಲರೂ ಹೋದಮೇಲೆ ಅವಳು ಪ್ರತಿಕೃತಿಯನ್ನು ಹಿಂದಿರುಗಿಸುತ್ತಾ, “ಗುಂಡಿ ಚಿತ್ರದೊಳಗೆ ಪೂರ್ತಿ ಇಲ್ಲ ಸಾರ್, ಉಳಿದರ್ಧ ನಮ್ಮ ಕಡೆ ಇದೆ” ಎಂದಳು. ಹೌದು. ಚೌಕಟ್ಟು ಗುಂಡಿಯನ್ನು ಕತ್ತರಿಸಿರುವುದರಿಂದ ಅದರ ಈಚೆಯ ಅಂಚು ನೋಡುವವನ ಪಾದದ ಬಳಿಗೆ ಬರುತ್ತದೆ. ಊರಿನವರು ಗುಂಡಿಯ ಮೂರು ಬದಿಗಳಲ್ಲಿ ನಿಂತಿದ್ದಾರೆ; ನಾಲ್ಕನೆಯ ಬದಿಯನ್ನು ನಮಗೆ ಬಿಟ್ಟಿದ್ದಾರೆ. ಪಾದ್ರಿಯ ಓದು ಇನ್ನೂ ಮುಗಿದಿಲ್ಲ, ಪೆಟ್ಟಿಗೆ ಇನ್ನೂ ಹತ್ತಿರ ಬಂದಿಲ್ಲ. ಗೋರಿ ತೋಡುವವನು ತನ್ನ ಮೇಲಂಗಿಯನ್ನು ಕಳಚಿ ನೆಲದ ಮೇಲಿಟ್ಟಿದ್ದಾನೆ. ಅಂಗಿತೋಳಿನಲ್ಲಿಯೇ ಮೊಣಕಾಲೂರಿ, ತಲೆ ಹೊರಳಿಸಿ, ಇನ್ನೆಷ್ಟು ಹೊತ್ತು ಎಂಬಂತೆ ಕಾಯುತ್ತಿದ್ದಾನೆ.